ಊಟದ ತಟ್ಟೆ ಬಂತು, ಹಲ್ಲುಸೆಟ್ ಎಲ್ಲಿ?

ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ದೊಡ್ಡಮ್ಮನನ್ನು ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ ಸೇರಿಸಿದ್ದೆವು. ಥಿಯೇಟರಿಗೆ ಒಯ್ಯುವ ಮೊದಲು ಬಳೆ, ಓಲೆ, ಹಲ್ಲುಸೆಟ್ ಬಿಚ್ಚಿಸಿ ನನ್ನ ಕೈಗೆ ಕೊಟ್ಟರು. ಬಳೆ, ಓಲೆ ಜೋಪಾನವಾಗಿ ಬೀರು ಸೇರಿದವು. ಹಲ್ಲುಸೆಟ್ಟಿನ ಡಬ್ಬಿ ಮತ್ತಿಕೆರೆಯ ನಮ್ಮ ಮನೆಯ ಫ್ರಿಜ್ ಮೇಲೆ ಎರಡು ದಿನ ಕೂತಿತ್ತು. ವಾರ್ಡಿಗೆ ಚಪಾತಿ-ಪಲ್ಯ ಬರುತ್ತಿತ್ತು, ಬಂದ ಹಾಗೇ ವಾಪಸ್ಸಾಗುತ್ತಿತ್ತು. "ಹಸಿವಿಲ್ಲ ಕಣೋ" ಅಂದರು. ನಾನೂ ನಂಬಿದೆ.

ವಯಸ್ಸಾದವರ ಮೂಳೆ ಆಪರೇಷನ್ ಅಂದರೆ ನಮ್ಮ ಚಿಂತೆಯೆಲ್ಲ ರಾಡು, ಸ್ಕ್ರೂ, ಪ್ಲೇಟುಗಳದ್ದು. ಮೂಳೆ ಮುರಿಯಿತಲ್ಲ, ಸುಣ್ಣದಂಶ ಬೇಕು ಎಂದು ಕ್ಯಾಲ್ಸಿಯಂ ಮಾತ್ರೆ ನುಂಗಿಸುತ್ತೇವೆ. ಅದು ಬೇಡವೆಂದಲ್ಲ. ಆದರೆ ಮುದುಕರನ್ನು ಮಂಚದಿಂದ ಎಬ್ಬಿಸುವುದು ತೊಡೆಯ ಮಾಂಸಖಂಡ, ಅದು ಮಲಗಿದಲ್ಲೇ ಕರಗುತ್ತದೆ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅರವತ್ತು ದಾಟಿದ ಆರೋಗ್ಯವಂತರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದ್ದರು. ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಖಂಡ ಇಳಿದಿತ್ತು. ಅವರಿಗೆ ಗಾಯವಿರಲಿಲ್ಲ, ಆಪರೇಷನ್ ಆಗಿರಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸಾಮಾನ್ಯ ವಯಸ್ಕರಿಗೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಹೇಳುತ್ತದೆ. ಕಾಯಿಲೆ ಬಿದ್ದ ಹಿರಿಯರಿಗೆ ತಜ್ಞರು ಹೇಳುವುದು 1.2ರಿಂದ 1.5 ಗ್ರಾಂ. ದೊಡ್ಡಮ್ಮನ ತೂಕ 55 ಕಿಲೋ. ಅಂದರೆ ಕಡಿಮೆಯೆಂದರೂ 66 ಗ್ರಾಂ. ಮನೆಗೆ ಬಂದ ಮೊದಲ ದಿನ ಒಂದು ಚೀಟಿಯಲ್ಲಿ ಲೆಕ್ಕ ಬರೆದೆ: ಎರಡು ಇಡ್ಲಿ, ಎರಡು ಲೋಟ ಕಾಫಿ, ಮಧ್ಯಾಹ್ನ ಅನ್ನ-ತಿಳಿಸಾರು, ನೀರು ಮಜ್ಜಿಗೆ, ರಾತ್ರಿ ಗಂಜಿ. ಎಷ್ಟು ಉದಾರವಾಗಿ ಕೂಡಿದರೂ ಮೂವತ್ತು ದಾಟಲಿಲ್ಲ.

ಅದು ಅವರೆಕಾಯಿ ಕಾಲ. ಬೀದಿ ತುದಿಯ ಗಾಡಿಯಲ್ಲಿ ಸೊಗಡಿನ ರಾಶಿ, ನಮ್ಮ ಮನೆಯಲ್ಲಿ ಮೆಣಸಿನ ಸಾರು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ: ಹೊಲಿಗೆ ಒಣಗುವವರೆಗೆ ಬೇಳೆ, ಕಾಳು ಮುಟ್ಟಿಸಬೇಡಿ, ನಂಜು, ಕೀವಾಗುತ್ತೆ. ಕೀವಾಗುವುದು ಸೋಂಕಿನಿಂದ, ಬೇಳೆಯಿಂದಲ್ಲ. ಗಾಯ ಕೂಡಲು ಬೇಕಾದ ಪ್ರೋಟೀನನ್ನೇ ಪಥ್ಯದ ಹೆಸರಲ್ಲಿ ತಟ್ಟೆಯಿಂದ ಎತ್ತಿಬಿಡುತ್ತೇವೆ. ಪಥ್ಯ ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ಅದೇ ಕಷ್ಟ. ಮಾಂಸಾಹಾರಿಗಳ ಮನೆಯಲ್ಲಿ ಕಾಲು ಸೂಪು ಬರುತ್ತದೆ. ರುಚಿಗೆ, ಬಿಸಿಗೆ ಒಳ್ಳೆಯದು. ಆದರೆ ಮಾಂಸಖಂಡ ಕಟ್ಟಲು ಸೂಪಿಗಿಂತ ಎರಡು ಬೇಯಿಸಿದ ಮೊಟ್ಟೆ ಮೇಲು. ರಾಗಿಯದೂ ಹೀಗೇ. ನೂರು ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂಗೂ ಮಿಕ್ಕಿ ಸುಣ್ಣವಿದೆ, ಪ್ರೋಟೀನ್ ಏಳು ಗ್ರಾಂ ಅಷ್ಟೇ. ಎರಡು ಚಮಚ ಹಿಟ್ಟಿಗೆ ಮೂರು ಲೋಟ ನೀರು ಸುರಿದ ಅಂಬಲಿಯಿಂದ ಎಷ್ಟು ಸಿಕ್ಕೀತು?

ದೊಡ್ಡಮ್ಮ ಮೊಟ್ಟೆ ಮುಟ್ಟುವವರಲ್ಲ. ಹಾಗಾಗಿ ತಿಳಿಸಾರಿನ ಬದಲು ಗಟ್ಟಿ ತೊವ್ವೆ ಬಂತು. ಐವತ್ತು ಗ್ರಾಂ ತೊಗರಿಬೇಳೆಯಲ್ಲಿ ಹನ್ನೊಂದು ಗ್ರಾಂ ಆಯಿತು. ಗಂಜಿ ಹಾಲಲ್ಲಿ ಕುದಿಯಿತು. ನೀರು ಮಜ್ಜಿಗೆ ಹೋಗಿ ಕೆನೆಮೊಸರು ಬಂತು. ಹುರಿಗಡಲೆ ಪುಡಿ ಅನ್ನಕ್ಕೂ ಬಿತ್ತು, ಇಡ್ಲಿಗೂ ಬಿತ್ತು. ನಾಲ್ಕು ಗಂಟೆಗೆ ಹಿಚುಕಿದ ಪನ್ನೀರು. ಒಂದೇ ಹೊತ್ತಿಗೆ ತುಂಬ ಬಡಿಸಿದರೆ ತಟ್ಟೆ ನೋಡಿಯೇ ಸುಸ್ತಾಗುತ್ತಿದ್ದರು, ದಿನಕ್ಕೆ ಆರು ಸಲ ಸ್ವಲ್ಪಸ್ವಲ್ಪ ಕೊಟ್ಟರೆ ಒಳಗೆ ಹೋಗುತ್ತಿತ್ತು. (ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ನಡೆಯದು, ಅವರ ಪ್ರಮಾಣವನ್ನು ಡಾಕ್ಟರೇ ಹೇಳಬೇಕು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರ ಇಡಬೇಕು.) ಕೆಲವು ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ ಎರಡೂ ಮಲ ಕಟ್ಟಿಸುತ್ತವೆ. ಹೊಟ್ಟೆ ಕಟ್ಟಿದವರಿಗೆ ಹಸಿವೆಲ್ಲಿಂದ ಬರಬೇಕು? ನೀರು ಕುಡಿದರೆ ಬಚ್ಚಲಿಗೆ ಹೋಗಬೇಕಾಗುತ್ತದೆಂದು ದೊಡ್ಡಮ್ಮ ನೀರನ್ನೂ ಗುಟ್ಟಾಗಿ ಕುಡಿಯದೆ ಬಿಡುತ್ತಿದ್ದರು. ಅದು ಗೊತ್ತಾಗಲು ನನಗೆ ವಾರ ಬೇಕಾಯಿತು.

ಇಷ್ಟಾದರೂ ಏನು ಬಡಿಸಿದೆವು ಎನ್ನುವುದು ಅರ್ಧ ಮಾತು. ಬ್ರಿಟನ್ನಿನ ಕಾರ್ಡಿಫ್ ನಗರದ ಆಸ್ಪತ್ರೆಯೊಂದರಲ್ಲಿ ಸೊಂಟದ ಮೂಳೆ ಮುರಿದಿದ್ದ ಮುನ್ನೂರಕ್ಕೂ ಹೆಚ್ಚು ವೃದ್ಧೆಯರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಊಟದ ಸಹಾಯಕಿಯರನ್ನು ಕೊಟ್ಟರು. ಇಷ್ಟವೇನೆಂದು ಕೇಳುವುದು, ತಟ್ಟೆ ಕೈಗೆ ಸಿಗುವಂತಿಡುವುದು, ಬೇಕಾದರೆ ತಿನ್ನಿಸುವುದು ಅವರ ಕೆಲಸ. 2006ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನಾಲ್ಕು ತಿಂಗಳೊಳಗೆ ಮಾಮೂಲು ಆರೈಕೆಯ ಗುಂಪಿನಲ್ಲಿ ತೀರಿಕೊಂಡವರು ನೂರಕ್ಕೆ 22.9, ಸಹಾಯಕಿಯರಿದ್ದ ಗುಂಪಿನಲ್ಲಿ 13.1. ಹೊಸ ಔಷಧಿಯೇನಾದರೂ ಇಷ್ಟು ಮಾಡಿದ್ದರೆ ಅದರ ಬೆಲೆ ಎಷ್ಟಿರುತ್ತಿತ್ತೋ! ಪಕ್ಕದಲ್ಲಿ ಕೂರುವ ಒಬ್ಬ ಸಹಾಯಕಿ ಮಾತ್ರ ನಮ್ಮ ಬಿಲ್ಲುಗಳಲ್ಲಿ ಎಲ್ಲೂ ಕಾಣುವುದಿಲ್ಲ.

ಮೂರನೆಯ ದಿನ ಹಲ್ಲುಸೆಟ್ ಆಸ್ಪತ್ರೆ ತಲುಪಿತ್ತು. ತಲೆದಿಂಬೆತ್ತರಿಸಿ, ನೆಟ್ಟಗೆ ಕೂರಿಸಿ, ಕನ್ನಡಕ ಹಾಕಿಸಿದ ಮೇಲೆ ದೊಡ್ಡಮ್ಮ ತಟ್ಟೆಯನ್ನು ಸರಿಯಾಗಿ ನೋಡಿದರು. ಒಂದು ತುತ್ತು ಬಾಯಿಗಿಟ್ಟು ಅಗಿದು ನುಂಗಿದರು.

"ಇದಕ್ಕೆ ಉಪ್ಪೇ ಇಲ್ಲವಲ್ಲೋ" ಅಂದರು.