ಔಷಧಕ್ಕೆ ಬಗ್ಗದ ಸೋಂಕು, ವಾರ್ಡಿನಲ್ಲಿ ಓಡಾಡುವ ಕೈ

ಗುಬ್ಬಿಯ ಓದುಗರೊಬ್ಬರ ಪ್ರಶ್ನೆ: ಕಾಲು ಮುರಿದು ಆಸ್ಪತ್ರೆ ಸೇರಿದವರಿಗೆ ಅಲ್ಲೇ ಬೇರೆ ಸೋಂಕು ತಗುಲಿ, ಅದು ಯಾವ ಆಂಟಿಬಯೋಟಿಕ್‌ಗೂ ಜಗ್ಗದಂತಾಗುವುದು ಹೇಗೆ?

ಔಷಧವನ್ನು ಎದುರಿಸುವ ಗುಣವನ್ನು ಬ್ಯಾಕ್ಟೀರಿಯಾಗಳು ತಮ್ಮ ಸಂತತಿಗಷ್ಟೇ ಅಲ್ಲ, ಪಕ್ಕದಲ್ಲಿರುವ ಬೇರೆ ಜಾತಿಯವಕ್ಕೂ ದಾಟಿಸುತ್ತವೆ. ಆ ಗುಣ ಹಲವು ವೇಳೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿರುತ್ತದೆ. ನೆರೆಮನೆಯವರು ಒಂದು ಚಮಚ ಹೆಪ್ಪು ಒಯ್ದರೆ ನಮ್ಮ ಮೊಸರೇನೂ ತೀರುವುದಿಲ್ಲ. ಅವರಲ್ಲೂ ಮೊಸರಾಗುತ್ತದೆ, ನಾಳೆ ಮೂರನೆಯ ಮನೆಗೆ ಅವರೇ ಹೆಪ್ಪು ಕೊಡುತ್ತಾರೆ. ಪ್ಲಾಸ್ಮಿಡ್ ಕೂಡ ಹಾಗೇ, ಕೊಟ್ಟವರಲ್ಲೂ ಉಳಿಯುತ್ತದೆ, ಪಡೆದವರಲ್ಲೂ ಬೆಳೆಯುತ್ತದೆ. 1950ರ ದಶಕದ ಕೊನೆಯಲ್ಲಿ ಜಪಾನಿನ ವಿಜ್ಞಾನಿಗಳು ರಕ್ತಭೇದಿಯ ರೋಗಾಣುಗಳಲ್ಲಿ ಈ ಕೊಡುಕೊಳ್ಳುವಿಕೆಯನ್ನು ಕಂಡುಕೊಂಡರು. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯಲ್ಲಿ 2008ರಲ್ಲಿ ಸಿಕ್ಕ ಎನ್‌ಡಿಎಂ-1 ಇಂಥದೇ ವಂಶವಾಹಿ. ಕೊನೆಯ ಅಸ್ತ್ರವೆಂದು ಎತ್ತಿಟ್ಟಿದ್ದ ಕಾರ್ಬಪೆನೆಮ್ ಔಷಧಗಳನ್ನೂ ಅದು ನಿಷ್ಫಲಗೊಳಿಸುತ್ತದೆ.

ವಾರ್ಡಿನಲ್ಲಿ ಈ ಬ್ಯಾಕ್ಟೀರಿಯಾಗಳನ್ನು ಹೊತ್ತೊಯ್ಯುವುದು ಮುಖ್ಯವಾಗಿ ನಮ್ಮ ಕೈ. ಒಬ್ಬ ರೋಗಿಯ ಮೂತ್ರದ ಚೀಲ ಖಾಲಿ ಮಾಡಿದ ಗ್ಲೌಸಿನಲ್ಲೇ ಪಕ್ಕದವರ ಡ್ರಿಪ್ ಮುಟ್ಟಿದರೆ ಸಾಕು. ಗ್ಲೌಸು ಅದನ್ನು ಹಾಕಿಕೊಂಡವರನ್ನು ಕಾಯುತ್ತದೆ, ಪಕ್ಕದ ರೋಗಿಯನ್ನಲ್ಲ. ಅಸಿನೆಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಮಂಚದ ಕಂಬಿಯ ಮೇಲೆ ಒಣಗಿ ವಾರಗಟ್ಟಲೆ ಬದುಕಿರಬಲ್ಲವು.

ಬ್ಯಾಕ್ಟೀರಿಯಾದಿಂದ ಸೋಂಕು ತಗಲುತ್ತದೆಂಬುದೇ ತಿಳಿಯದಿದ್ದ 1847ರಲ್ಲಿ ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್, ಶವಪರೀಕ್ಷೆ ಮುಗಿಸಿ ನೇರ ಹೆರಿಗೆ ಕೋಣೆಗೆ ಬರುತ್ತಿದ್ದ ವೈದ್ಯರು, ವಿದ್ಯಾರ್ಥಿಗಳಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿದರು. ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಬಾಣಂತಿಯರ ಸಾವು ಜೂನ್‌ನಲ್ಲಿ ಶೇ. 2ರ ಆಸುಪಾಸಿಗೆ ಇಳಿಯಿತು. ಆದರೂ ಹಲವು ಹಿರಿಯ ವೈದ್ಯರು ಒಪ್ಪಲಿಲ್ಲ! ಸುಮಾರು ಒಂದೂವರೆ ಶತಮಾನದ ಬಳಿಕ ಜಿನೀವಾದಲ್ಲಿ ವೈದ್ಯ ದಿದಿಯೇ ಪಿಟ್ಟೆ ಹಾಸಿಗೆಯ ಪಕ್ಕದಲ್ಲೇ ಆಲ್ಕೋಹಾಲ್ ಹ್ಯಾಂಡ್‌ರಬ್ ಇರಿಸಿ ಒತ್ತಾಯಿಸಿದ ಮೇಲೆ, ಆಸ್ಪತ್ರೆ ಸೋಂಕು ಶೇ. 16.9ರಿಂದ 9.9ಕ್ಕೆ ತಗ್ಗಿದ್ದು 2000ದಲ್ಲಿ ವರದಿಯಾಯಿತು. ಕೃತಕ ಬುದ್ಧಿಮತ್ತೆ ಹೊಸ ಆಂಟಿಬಯೋಟಿಕ್ ಹುಡುಕಿತೆಂಬ ಸುದ್ದಿಗೆ ಸಿಗುವ ಸಂಭ್ರಮದಲ್ಲಿ ಕಾಲುಭಾಗವೂ ಕೈ ಶುಚಿಯ ಈ ಫಲಕ್ಕೆ ಸಿಗುವುದಿಲ್ಲ ಎಂಬುದು ನನ್ನ ಕೊರಗು.

ನಮ್ಮ ಕಡೆ ರೋಗಿಯ ಅರ್ಧ ಆರೈಕೆ ಮನೆಯವರದೇ. ಆದ್ದರಿಂದ 20–30 ಸೆಕೆಂಡು, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿಗೆಲ್ಲ ಹ್ಯಾಂಡ್‌ರಬ್ ತಾಗುವಂತೆ ಉಜ್ಜುವುದನ್ನು ಅವರಿಗೂ ಕಲಿಸಬೇಕು. ಕೈ ಕಣ್ಣಿಗೆ ಕಾಣುವಷ್ಟು ಗಲೀಜಾಗಿದ್ದರೆ ಸೋಪು, ನೀರೇ ಬೇಕು. ಮೂತ್ರದ ಕೊಳವೆ ಇನ್ನೂ ಬೇಕೇ ಎಂದು ದಿನವೂ ವಿಚಾರಿಸಬೇಕು. ಅದು ಉಳಿದಷ್ಟು ದಿನವೂ ಸೋಂಕಿನ ಅಪಾಯ ಏರುತ್ತಲೇ ಇರುತ್ತದೆ.

ಕುಣಿಗಲ್, ಗುಬ್ಬಿಯಿಂದ ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ರೋಗಿಯನ್ನು ಕಳಿಸುವಾಗ ಅವರ ಕರುಳಿನಲ್ಲಿ ಸುಮ್ಮನೆ ಕುಳಿತ ಬ್ಯಾಕ್ಟೀರಿಯಾವೂ ಆಂಬುಲೆನ್ಸ್ ಏರುತ್ತದೆ. ಹಾಗಾಗಿ ರೆಫರಲ್ ಚೀಟಿಯಲ್ಲಿ ಕಲ್ಚರ್ ವರದಿ, ಕೊಟ್ಟ ಆಂಟಿಬಯೋಟಿಕ್‌ಗಳ ಹೆಸರು, ಕೊಳವೆ ಹಾಕಿದ ದಿನಾಂಕ ಇರಲೇಬೇಕು. ಬರೆದಿಲ್ಲವಾದರೆ ಹೊರಡುವ ಮುಂಚೆಯೇ ಕೇಳಿ ಬರೆಸಿಕೊಳ್ಳಿ.