ಒಂಬತ್ತು ಮಂದಿ ನ್ಯಾಯಾಧಿಪತಿಗಳು

ಪ್ರಜೆಗಳು ಪ್ರತಿನಿಧಿಗಳನ್ನು ಆರಿಸುತ್ತಾರೆ. ಪ್ರತಿನಿಧಿಗಳು ಸಭೆ ಸೇರಿ ಶಾಸನ ಮಾಡುತ್ತಾರೆ. ಆ ಶಾಸನಕ್ಕೆ ಎಲ್ಲರೂ ತಲೆಬಾಗುತ್ತಾರೆ. ಪ್ರಜಾಪ್ರಭುತ್ವದ ಸಾಮಾನ್ಯ ಕ್ರಮ ಇದು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈ ಕ್ರಮಕ್ಕೆ ಇನ್ನೊಂದು ಮೆಟ್ಟಿಲುಂಟು. ಶಾಸನವು ರಾಜ್ಯಾಂಗಕ್ಕೆ ಒಪ್ಪುವುದೋ ಇಲ್ಲವೋ ಎಂಬುದನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧಿಪತಿಗಳು ನಿರ್ಣಯಿಸುತ್ತಾರೆ. ಒಂಬತ್ತು ಮಂದಿಯೂ ಕುಳಿತ ಪೀಠದಲ್ಲಿ ಒಪ್ಪದೆಂದು ಐವರು ಹೇಳಿದರೆ ಸಾಕು, ಕೋಟ್ಯಂತರ ಜನರ ಪ್ರತಿನಿಧಿಗಳು ಮಾಡಿದ ಶಾಸನವು ಬರಿಯ ಕಾಗದವಾಗುತ್ತದೆ. ಇವರನ್ನು ಅಧ್ಯಕ್ಷನು ನೇಮಿಸುತ್ತಾನೆ, ಸೆನೆಟ್ ಸಭೆಯು ಸಮ್ಮತಿಸುತ್ತದೆ. ಆ ಬಳಿಕ ಅವರ ಅಧಿಕಾರ ಬಹುಮಟ್ಟಿಗೆ ಜೀವಾವಧಿ. ಇಂಥ ಪರಮಾಧಿಕಾರವನ್ನು ರಾಜ್ಯಾಂಗವು ಸ್ಪಷ್ಟವಾದ ಮಾತಿನಲ್ಲಿ ಕೊಟ್ಟದ್ದಲ್ಲ. 1803ರಲ್ಲಿ ಮುಖ್ಯ ನ್ಯಾಯಾಧಿಪತಿ ಜಾನ್ ಮಾರ್ಷಲ್ಲನು ಒಂದು ತೀರ್ಪಿನ ಮೂಲಕ ಸ್ಥಾಪಿಸಿದ್ದು.

ಈ ಅಧಿಕಾರವು ದುರ್ಬಲರ ಕಾವಲೋ, ಬಲಿಷ್ಠರ ಕೋಟೆಯೋ? ಚರಿತ್ರೆಯನ್ನು ನೋಡೋಣ.

ಅಂತರ್ಯುದ್ಧವು ಮುಗಿದ ತರುವಾಯ, 1868ರಲ್ಲಿ, ಹದಿನಾಲ್ಕನೆಯ ತಿದ್ದುಪಡಿಯು ರಾಜ್ಯಾಂಗಕ್ಕೆ ಸೇರಿತು. ನ್ಯಾಯೋಚಿತವಾದ ಕ್ರಮವಿಲ್ಲದೆ ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಸ್ವತ್ತನ್ನಾಗಲಿ ಯಾವ ಸಂಸ್ಥಾನವೂ ಕಸಿದುಕೊಳ್ಳಕೂಡದೆಂಬುದು ಅದರ ಒಂದು ವಿಧಿ. ದಾಸ್ಯದಿಂದ ಬಿಡುಗಡೆ ಹೊಂದಿದ ನೀಗ್ರೋ ಜನರ ರಕ್ಷಣೆಯೇ ಆ ತಿದ್ದುಪಡಿಯ ಮುಖ್ಯೋದ್ದೇಶವಾಗಿತ್ತು. ಆದರೆ ಕಾಲಕ್ರಮದಲ್ಲಿ ಅದರ ನೆರಳಿನಲ್ಲಿ ಸುಖವಾಗಿ ಕುಳಿತವರು ಕಾರ್ಖಾನೆಗಳ ಒಡೆಯರು! ನ್ಯೂಯಾರ್ಕ್ ಸಂಸ್ಥಾನವು ರೊಟ್ಟಿ ಸುಡುವ ಕೆಲಸಗಾರರನ್ನು ದಿನಕ್ಕೆ 10 ಗಂಟೆಗೂ ವಾರಕ್ಕೆ 60 ಗಂಟೆಗೂ ಮೀರಿ ದುಡಿಸಬಾರದೆಂದು ಶಾಸನ ಮಾಡಿತ್ತು. 1905ರಲ್ಲಿ ಲಾಕ್ನರ್ ಎಂಬುವನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ತಳ್ಳಿಹಾಕಿತು. ಒಡೆಯನೂ ಆಳೂ ತಮ್ಮ ಇಷ್ಟಾನುಸಾರ ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಈ ಶಾಸನದಿಂದ ಭಂಗವೆಂಬುದು ಐವರ ಅಭಿಪ್ರಾಯ. ಹಸಿದವನಿಗೂ ಉಂಡವನಿಗೂ ನಡುವೆ ಆಗುವ ಕರಾರಿನಲ್ಲಿ ಸ್ವಾತಂತ್ರ್ಯವು ಯಾರ ಪಾಲಿನದೆಂಬುದನ್ನು ಅವರು ವಿಚಾರಿಸಲಿಲ್ಲ. ರಾಜ್ಯಾಂಗವು ಯಾವುದೊಂದು ಅರ್ಥಶಾಸ್ತ್ರ ಸಿದ್ಧಾಂತಕ್ಕೂ ಕಟ್ಟುಬಿದ್ದುದಲ್ಲವೆಂದು ನ್ಯಾಯಾಧಿಪತಿ ಹೋಮ್ಸ್ ಭಿನ್ನಮತವನ್ನು ಬರೆದನು. ಆ ಮಾತಿಗೆ ಆಗ ಬೆಲೆ ದೊರೆಯಲಿಲ್ಲ. 1918ರಲ್ಲಿ ಮಕ್ಕಳ ದುಡಿಮೆಯನ್ನು ತಡೆಯಹೊರಟ ಕೇಂದ್ರ ಶಾಸನವೂ, 1923ರಲ್ಲಿ ರಾಜಧಾನಿಯ ಹೆಂಗಸರಿಗೆ ಕನಿಷ್ಠ ಕೂಲಿಯನ್ನು ಗೊತ್ತುಮಾಡಿದ ಶಾಸನವೂ ಇದೇ ಪೀಠದ ಮುಂದೆ ಬಿದ್ದುಹೋದುವು.

1929ರಲ್ಲಿ ಆರ್ಥಿಕ ಕುಸಿತವು ಬಂದಿತು. ಬ್ಯಾಂಕುಗಳು ಮುಚ್ಚಿದುವು, ಲಕ್ಷೋಪಲಕ್ಷ ಜನ ಕೆಲಸವಿಲ್ಲದೆ ಬೀದಿಗೆ ಬಿದ್ದರು. 1933ರಲ್ಲಿ ಅಧಿಕಾರಕ್ಕೆ ಬಂದ ಡೆಮೊಕ್ರಾಟಿಕ್ ಪಕ್ಷದ ಫ್ರಾಂಕ್ಲಿನ್ ರೂಸ್‌ವೆಲ್ಟನು ಕೈಗಾರಿಕೆ, ಬೇಸಾಯ, ಕೂಲಿಗಳನ್ನು ಕುರಿತು ಹಲವು ಶಾಸನಗಳನ್ನು ತಂದನು. 1935ರ ಮೇ ತಿಂಗಳಲ್ಲಿ ಕೈಗಾರಿಕಾ ಪುನರುದ್ಧಾರದ ಶಾಸನವು ರದ್ದಾಯಿತು. ಈ ತೀರ್ಪಿನಲ್ಲಿ ಒಂಬತ್ತು ಮಂದಿಯೂ ಏಕಮತದಿಂದಿದ್ದರೆಂಬುದನ್ನು ಮರೆಯಲಾಗದು. 1936ರ ಜನವರಿಯಲ್ಲಿ ಬೇಸಾಯದ ಶಾಸನವೂ, ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಕನಿಷ್ಠ ಕೂಲಿಯ ಶಾಸನವೂ ಉರುಳಿದುವು. ಅದೇ ವರ್ಷ ನವೆಂಬರಿನಲ್ಲಿ ಪ್ರಜೆಗಳು ತಮ್ಮ ತೀರ್ಪನ್ನು ಕೊಟ್ಟರು: 48 ಸಂಸ್ಥಾನಗಳಲ್ಲಿ 46 ರೂಸ್‌ವೆಲ್ಟನ ಕಡೆ.

ಈ ಬಲದಿಂದ ಅವನು 1937ರ ಫೆಬ್ರವರಿ 5ರಂದು ಹೊಸ ಮಸೂದೆಯೊಂದನ್ನು ಮುಂದಿಟ್ಟನು. ಎಪ್ಪತ್ತು ವಯಸ್ಸು ದಾಟಿಯೂ ನಿವೃತ್ತರಾಗದ ಪ್ರತಿಯೊಬ್ಬ ನ್ಯಾಯಾಧಿಪತಿಗೆ ಒಬ್ಬ ಹೊಸಬನಂತೆ ಆರು ಮಂದಿಯವರೆಗೆ ನೇಮಿಸಬಹುದು, ಒಂಬತ್ತು ಹದಿನೈದಾಗಬಹುದು. ಮುದುಕರಿಗೆ ಕೆಲಸದ ಹೊರೆ ಹೆಚ್ಚಾಯಿತೆಂದು ಕಾರಣ ಹೇಳಿದನು. ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು. ಪೀಠದಲ್ಲಿ ಎಲ್ಲರಿಗಿಂತ ಹಿರಿಯನಾದ, ಎಂಬತ್ತು ವಯಸ್ಸಿನ ಬ್ರಾಂಡೈಸ್ ಉದಾರಮತದವನೇ ಆಗಿದ್ದುದರಿಂದ ಈ ನೆಪವು ಇನ್ನಷ್ಟು ಸಡಿಲವಾಯಿತು. ಸೆನೆಟ್ಟಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಸ್ಥಾನಗಳು ಅವನ ಪಕ್ಷದವೇ. ಆದರೂ ಸ್ವಪಕ್ಷೀಯರೇ ಎದುರುಬಿದ್ದರು. ಜುಲೈ 22ರಂದು 70ಕ್ಕೆ 20 ಮತಗಳಿಂದ ಮಸೂದೆಯು ಮರಳಿ ಸಮಿತಿಗೆ ಹೋಯಿತು. ಅಲ್ಲಿಗೆ ಅದರ ಕಥೆ ಮುಗಿಯಿತು.

ಆದರೆ ಅಷ್ಟರೊಳಗಾಗಿ ನ್ಯಾಯಾಲಯದ ಗಾಳಿಯೇ ತಿರುಗಿತ್ತು. ವಾಷಿಂಗ್ಟನ್ ಸಂಸ್ಥಾನದ ವೆನಾಚಿ ಎಂಬ ಊರಿನ ಹೋಟೆಲೊಂದರಲ್ಲಿ ಎಲ್ಸಿ ಪ್ಯಾರಿಷ್ ಎಂಬಾಕೆ ಕೋಣೆಗಳನ್ನು ಗುಡಿಸಿ ಹಾಸಿಗೆ ಹಾಸುವ ಕೆಲಸದಲ್ಲಿದ್ದಳು. ಆ ಸಂಸ್ಥಾನದ ನಿಯಮದಂತೆ 48 ಗಂಟೆಗಳ ವಾರಕ್ಕೆ ಹದಿನಾಲ್ಕೂವರೆ ಡಾಲರ್ ಸಲ್ಲಬೇಕಾಗಿತ್ತು. ಸಲ್ಲದೆ ಉಳಿದ 216 ಡಾಲರುಗಳಷ್ಟನ್ನು ಆಕೆ ಕೇಳಿದಳು. 1937ರ ಮಾರ್ಚ್ 29ರಂದು ಐವರು ಆಕೆಯ ಪರ, ನಾಲ್ವರು ವಿರುದ್ಧ. ಹಿಂದಿನ ವರ್ಷ ನ್ಯೂಯಾರ್ಕಿನ ಶಾಸನವನ್ನು ಬೀಳಿಸಿದವರ ಜೊತೆಗಿದ್ದ ಓವೆನ್ ರಾಬರ್ಟ್ಸನು ಈ ಸಲ ಇತ್ತ ಬಂದಿದ್ದನು. ಅಧ್ಯಕ್ಷನ ಬೆದರಿಕೆಯಿಂದ ಅವನು ಬದಲಾದನೆಂದು ಜನ ಆಡಿಕೊಂಡರು. ವಾಸ್ತವವಾಗಿ ಅವನು ಒಳಸಭೆಯಲ್ಲಿ ಮತವಿತ್ತದ್ದು 1936ರ ಡಿಸೆಂಬರಿನಲ್ಲಿ, ಮಸೂದೆಯು ಪ್ರಕಟವಾಗುವುದಕ್ಕೆ ಮೊದಲೇ. ಆದರೆ ಚುನಾವಣೆ ಆಗಲೇ ಮುಗಿದಿತ್ತಷ್ಟೆ! ರಾಜ್ಯಾಂಗದ ಒಂದಕ್ಷರವೂ ಬದಲಾಗಿರಲಿಲ್ಲ. ಅದನ್ನು ಓದುವ ಕಣ್ಣು ಬದಲಾಗಿತ್ತು.

ಈ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1954ರಲ್ಲಿ ಇದೇ ನ್ಯಾಯಾಲಯವು ಶಾಲೆಗಳಲ್ಲಿ ವರ್ಣಭೇದವು ಸಲ್ಲದೆಂದು ಏಕಮತದಿಂದ ಸಾರಿ ದುರ್ಬಲರ ಕಾವಲಾಯಿತು. 2016ರಲ್ಲಿ ಅಧ್ಯಕ್ಷ ಒಬಾಮನು ಮಾರ್ಚಿಯಲ್ಲಿ ಹೆಸರಿಸಿದವನನ್ನು, ಚುನಾವಣೆಯ ವರ್ಷವೆಂಬ ಕಾರಣವೊಡ್ಡಿ, ರಿಪಬ್ಲಿಕನ್ ಬಹುಮತದ ಸೆನೆಟ್ ವಿಚಾರಣೆಗೇ ಕರೆಯಲಿಲ್ಲ. 2020ರಲ್ಲಿ ಅದೇ ಪಕ್ಷವು ತನ್ನ ಅಧ್ಯಕ್ಷನು ಹೆಸರಿಸಿದವಳನ್ನು ಚುನಾವಣೆಗೆ ಎಂಟೇ ದಿನ ಮುಂಚೆ ಸ್ಥಿರಪಡಿಸಿತು. 1973ರಿಂದ ಹೆಂಗಸರಿಗಿದ್ದ ಗರ್ಭಪಾತದ ಹಕ್ಕನ್ನು 2022ರ ಜೂನ್ 24ರಂದು ನ್ಯಾಯಾಲಯವು ತೆಗೆದುಹಾಕಿತು. ಪಕ್ಷದ ತಕ್ಕಡಿಯಲ್ಲಿ ತೂಗಿ ಪೀಠವನ್ನು ತುಂಬಿದರೆ ನ್ಯಾಯದ ತಕ್ಕಡಿಯ ಮೇಲೆ ಜನರ ನಂಬಿಕೆ ಉಳಿಯುವುದು ಕಷ್ಟ.

ಇದರಲ್ಲಿ ನಮಗೂ ಒಂದು ಪಾಠವುಂಟು. ಭಾರತ ರಾಜ್ಯಾಂಗದ ಕರಡನ್ನು ಸಿದ್ಧಪಡಿಸಲು ನೆರವಾದ ಬೆನಗಲ್ ನರಸಿಂಗರಾಯರು ಮಂಗಳೂರಿನಲ್ಲಿ ಜನಿಸಿದವರು. 1947ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಅಲ್ಲಿಯ ನ್ಯಾಯಾಧಿಪತಿ ಫ್ರಾಂಕ್‌ಫರ್ಟರನನ್ನು ಕಂಡರು. ‘ನ್ಯಾಯೋಚಿತ ಕ್ರಮ’ದ ವಿಧಿಯಿಂದ ನ್ಯಾಯಾಧಿಪತಿಗಳ ಮೇಲೆ ಅತಿಯಾದ ಹೊರೆ ಬೀಳುವುದೆಂದೂ, ಅದು ಪ್ರಜಾಪ್ರಭುತ್ವಕ್ಕೆ ಹೊಂದದೆಂದೂ ಆತನು ಎಚ್ಚರಿಸಿದನು. ನಮ್ಮ ಇಪ್ಪತ್ತೊಂದನೆಯ ಅನುಚ್ಛೇದದಲ್ಲಿ ‘ಕಾನೂನಿನಿಂದ ಸ್ಥಾಪಿತವಾದ ಕ್ರಮ’ ಎಂಬ ಮಾತು ನಿಂತಿತು. ಆದರೆ 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವು ನ್ಯಾಯಸಮ್ಮತವೂ ಆಗಿರಬೇಕೆಂದಿತು. ಬಾಗಿಲಲ್ಲಿ ತಡೆದ ಭಾವವು ಕಿಟಕಿಯಿಂದ ಒಳಬಂದಿತು. ತುರ್ತುಪರಿಸ್ಥಿತಿಯ ಕಷ್ಟವನ್ನು ಕಂಡಿದ್ದ ಜನಕ್ಕೆ ಅದು ಬೇಕಾಗಿಯೂ ಇತ್ತು.

ಆದುದರಿಂದ ಬರಹದ ಮಾತೊಂದೇ ಸ್ವಾತಂತ್ರ್ಯವನ್ನು ಕಾಯಲಾರದು, ಪೀಠವೊಂದೇ ಕಾಯಲಾರದು. ಸ್ವಾತಂತ್ರ್ಯವೆಂದಾಗ ಯಾರ ಸ್ವಾತಂತ್ರ್ಯವೆಂದು ಕೇಳುವ ಪ್ರಜೆಗಳಿರಬೇಕು. ಹೋಟೆಲಿನ ಕೋಣೆ ಗುಡಿಸುತ್ತಿದ್ದ ಹೆಂಗಸು ಕೇಳಿದ ಪ್ರಶ್ನೆಯೂ ಅದೇ.