ಭುಜದ ಕೀಲು ಬದಲಿಸಿದ ಮೇಲೆ ವಾಸಿಯಾಗಲು ಏನಿರುತ್ತದೆ?

ಮಂಡಿ ಕೀಲು ಬದಲಿಸಿಕೊಂಡವರು ಒಂದೆರಡು ದಿನದಲ್ಲೇ ಎದ್ದು ನಡೆಯುತ್ತಾರೆ. ಭುಜದ ಕೀಲು ಬದಲಿಸಿಕೊಂಡವರು ಮಾತ್ರ ವಾರಗಟ್ಟಲೆ ಕೈಗೆ ಸ್ಲಿಂಗ್ ಹಾಕಿಕೊಂಡೇ ಇರುತ್ತಾರೆ. "ಹಾಕಿದ್ದು ಲೋಹದ ಕೀಲು, ಅದರಲ್ಲಿ ವಾಸಿಯಾಗಲು ಏನಿದೆ? ನೋವು ಹೋದರೆ ಕೈ ಬಳಸಬಹುದು" ಎಂದು ಹಲವರು ನಂಬಿದ್ದಾರೆ. ಇದು ನಿಜವೇ? ಬನ್ನಿ, ನೋಡೋಣ.

ಕೀಲು ಲೋಹ, ಪ್ಲಾಸ್ಟಿಕ್‌ಗಳದ್ದೇ. ಆದರೆ ಅದು ನಿಲ್ಲಬೇಕಾದದ್ದು ನಮ್ಮ ಮೂಳೆಯಲ್ಲಿ. ಕೆಲವರಿಗೆ ಅದನ್ನು ಮೂಳೆ ಸಿಮೆಂಟ್‌ನಿಂದ ಕೂರಿಸುತ್ತಾರೆ. ಅದು ಆಪರೇಷನ್ ಟೇಬಲ್ ಮೇಲೆಯೇ ಗಟ್ಟಿಯಾಗುತ್ತದೆ. ಇನ್ನು ಕೆಲವರಿಗೆ ಒರಟು ಮೇಲ್ಮೈಯ ಕೀಲು ಹಾಕುತ್ತಾರೆ. ಮೂಳೆ ನಿಧಾನವಾಗಿ ಬೆಳೆದು ಅದನ್ನು ಹಿಡಿದುಕೊಳ್ಳಬೇಕು. ಇದಕ್ಕೆ ವಾರಗಳು, ತಿಂಗಳುಗಳೇ ಬೇಕು.

ಇನ್ನೊಂದು ಕಾರಣವೂ ಇದೆ. ಒಳಗಿನ ಕೀಲನ್ನು ತಲುಪಲು ವೈದ್ಯರು ಸಾಮಾನ್ಯವಾಗಿ ಭುಜದ ಮುಂಭಾಗದ ಒಂದು ಸ್ನಾಯುರಜ್ಜುವನ್ನು ಬಿಡಿಸಿ, ಕೊನೆಗೆ ಮತ್ತೆ ಹೊಲಿಯುತ್ತಾರೆ. ಮಂಡಿಯಲ್ಲಿ ಸಾಮಾನ್ಯವಾಗಿ ಹೀಗೆ ಮಾಡುವುದಿಲ್ಲ. ಹೊಲಿದ ರಜ್ಜು ಮೂಳೆಗೆ ಅಂಟಿಕೊಳ್ಳುವ ಮೊದಲೇ ಕೈಯೂರಿ ಕುರ್ಚಿಯಿಂದ ಎದ್ದರೆ ಅದು ಕಿತ್ತುಹೋಗಬಹುದು. ಸುಮಾರು 6 ವಾರ ಎಚ್ಚರಿಕೆ ಹೇಳುವುದು ಇದಕ್ಕೇ.

ವಯಸ್ಸಾದವರು ಜಾರಿ ಬಿದ್ದು ತೋಳಿನ ಮೂಳೆಯ ತಲೆ ಚೂರಾದಾಗ ಹಲವರಿಗೆ 'ರಿವರ್ಸ್' ಕೀಲು ಹಾಕುತ್ತಾರೆ. ಫ್ರಾನ್ಸಿನ ಪಾಲ್ ಗ್ರಾಮಾಂಟ್ 1985ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಗುಂಡು ಹೆಗಲ ಮೂಳೆಗೆ, ಬಟ್ಟಲು ತೋಳಿಗೆ ಬರುತ್ತದೆ. ಮುರಿದ ಚೂರುಗಳನ್ನು ಕೀಲಿನ ಸುತ್ತ ಹೊಲಿದು ಕಟ್ಟುತ್ತಾರೆ. ಅವು ಸರಿಯಾಗಿ ಕೂಡಿದರೆ ಕೈ ಹೊರಕ್ಕೆ ಚೆನ್ನಾಗಿ ತಿರುಗುತ್ತದೆ. ಕೂಡದಿದ್ದರೆ ತಲೆ ಬಾಚುವುದೂ ಕಷ್ಟವಾಗಬಹುದು.

ಹಾಗಂತ ಕೈಯನ್ನು ಅಲುಗಾಡಿಸದೇ ಇಡುವುದೂ ತಪ್ಪು, ಭುಜ ಬಿಗಿದುಕೊಳ್ಳುತ್ತದೆ. ಫಿಸಿಯೋಥೆರಪಿಸ್ಟ್ ಹೇಳಿದ ವ್ಯಾಯಾಮ ಹೇಳಿದಷ್ಟೇ ಮಾಡಿ. ಎಣ್ಣೆ ಹಚ್ಚಿ ಕೈ ಎಳೆಸಿಕೊಳ್ಳಬೇಡಿ. ಕಾಲು ಸೂಪ್ ಕುಡಿಯಲು ಅಡ್ಡಿಯಿಲ್ಲ, ಆದರೆ ಅದರಿಂದ 6 ವಾರ 3 ವಾರವಾಗುವುದಿಲ್ಲ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ನಿಧಾನಗೊಳಿಸುತ್ತವೆ. ಜ್ವರ, ಗಾಯದಲ್ಲಿ ಕೀವು, ಇದ್ದಕ್ಕಿದ್ದಂತೆ ಹೆಚ್ಚಿದ ನೋವು ಕಂಡರೆ ಆಪರೇಷನ್ ಮಾಡಿದ ವೈದ್ಯರ ಬಳಿ ಕೂಡಲೇ ಹೋಗಿ.

ಈ ತಾಳ್ಮೆಗೆ ಫಲವಿದೆ. ಹೆಚ್ಚಿನವರಿಗೆ ನೋವು ಬಹಳಷ್ಟು ಕಡಿಮೆಯಾಗುತ್ತದೆ. ಇಂಥ 10 ಕೀಲುಗಳಲ್ಲಿ ಸುಮಾರು 9 ಕೀಲುಗಳು 10 ವರ್ಷ ದಾಟುತ್ತವೆ.

ನೋವು ಮೊದಲು ಹೋಗುತ್ತದೆ, ಮೂಳೆ ಆಮೇಲೆ ಕೂಡುತ್ತದೆ. ಮನೆಯಲ್ಲಿ ಯಾರಾದರೂ "ಈಗ ನೋವಿಲ್ಲ" ಎಂದು ಬಿಂದಿಗೆ ಎತ್ತಲು ಹೊರಟರೆ ಈ ಮಾತನ್ನು ನೆನಪಿಸಿ.